ಕಲಿಸುವ ಮುನ್ನ

ತಿಪಟೂರಿನಿಂದ ತುಮಕೂರಿಗೆ ರೈಲಿನಲ್ಲಿ ಹೋಗುವಾಗ ಗುಬ್ಬಿ ಬಂತೆಂದರೆ ನನಗೆ ಐರ್ಲೆಂಡಿನ ವಿಲಿಯಂ ಆರ್ಥರ್ ನೆನಪಾಗುತ್ತಾರೆ. 1839ರಲ್ಲಿ ವೆಸ್ಲಿಯನ್ ಮಿಷನ್ನಿನ ಪಾದ್ರಿಯಾಗಿ ಅಲ್ಲಿಗೆ ಬಂದಾಗ ಅವರಿಗೆ ಸುಮಾರು 20 ವರ್ಷ. ಪಾದ್ರಿಯ ದಿನಚರಿ ಎಂದರೆ ನಮಗೆ ಕಾಣುವುದು ಪ್ರಾರ್ಥನೆ, ಪ್ರವಚನ. ಆದರೆ ಸಂತೆಯಲ್ಲಿ, ಶಾಲೆಯಲ್ಲಿ ಬಾಯಿ ತೆರೆಯಲು ಮೊದಲು ಕನ್ನಡ ಬರಬೇಕಿತ್ತಲ್ಲ! ಉಪದೇಶಿಸಲು ಬಂದವರೇ ಕಾಗುಣಿತ ತಿದ್ದಬೇಕಾಯಿತು. ಆರೋಗ್ಯ ಕೆಟ್ಟು 1841ರಲ್ಲೇ ಅವರು ಹಿಂದಿರುಗಿದರು.

ಅವರ ಮತ ನನ್ನದಲ್ಲ. ಆದರೂ ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವೊಂದು ನನ್ನ ತರಗತಿಯಲ್ಲಿ ತಿಂಗಳುಗಟ್ಟಲೆ ಮೂಕವಾಗಿ ಕುಳಿತಾಗ ಆ ಪಾಠ ನೆನಪಾಯಿತು. ಕೊಬ್ಬರಿ ಮಂಡಿಗೆ ಕೂಲಿಗೆ ಹೋಗುತ್ತಿದ್ದ ಅದರ ತಾಯಿಯಿಂದ ನಾಲ್ಕು ಮಾತು ಕಲಿತೆ. ನಾನು ಆಡಿದ್ದನ್ನು ಕೇಳಿ ಮಗು ಕಿಸಕ್ಕನೆ ನಕ್ಕು ತಿದ್ದಿತು. ಮರುದಿನ ತಾನಾಗಿ ಕನ್ನಡ ಪುಸ್ತಕ ತೆರೆಯಿತು.