ಸ್ಟಾರ್ಮ್ ಕಾರಿಗೆ ಯಾವ ಪೆಟ್ರೋಲು

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಕಂಪನಿ ಗೋವಾದಲ್ಲಿ ಒಂದು ಕಾರು ಕಟ್ಟಿತು. ಹೆಸರು ಸ್ಯಾನ್ ಸ್ಟಾರ್ಮ್. ಎರಡೇ ಸೀಟು, ಫೈಬರ್ ಗ್ಲಾಸ್ ಮೈ, ತೆಗೆದಿಡಬಹುದಾದ ಮಾಡು, ಮೂತಿಯೊಳಗೆ ಫ್ರಾನ್ಸಿನ ರೆನೋ ಕಂಪನಿಯ 1149 ಸಿಸಿ ಎಂಜಿನ್. ಅದರ 60 ಅಶ್ವಶಕ್ತಿ ಇವತ್ತಿನ ಸಣ್ಣ ಕಾರುಗಳ ಲೆಕ್ಕದಲ್ಲಿ ದೊಡ್ಡದೇನಲ್ಲ. ಆದರೆ ಗಾಡಿ ಹಗುರ, ಕೂತರೆ ರಸ್ತೆ ಕೈಗೆಟುಕುವಷ್ಟು ಹತ್ತಿರ. ಸ್ಟೀರಿಂಗ್ ಒಂದು ಚೂರು ತಿರುಗಿಸಿದರೂ ಇಡೀ ಕಾರು ಒಟ್ಟಿಗೇ ತಿರುಗುತ್ತಿತ್ತು.

ಅಂಥದ್ದೊಂದನ್ನು ನಾನು ಹಳೆಯದೇ ಕೊಂಡು ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಓಡಿಸಿದೆ. ಭಾನುವಾರಕ್ಕೆಂದು ಬಟ್ಟೆ ಹೊದಿಸಿ ಇಡಬೇಕು ಎಂದವರು ಬಹಳ ಜನ. ನನಗೆ ಆ ಮಾತು ಆಗಲೂ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ನಿಂತ ಗಾಡಿಯಲ್ಲಿ ಬ್ಯಾಟರಿ ಸಾಯುತ್ತದೆ, ಟೈರು ಚಪ್ಪಟೆಯಾಗುತ್ತದೆ, ಟ್ಯಾಂಕಿನ ಪೆಟ್ರೋಲು ಹಳಸುತ್ತದೆ. ದಿನವೂ ಬಿಸಿಯಾಗುವ ಎಂಜಿನ್ನಿಗೆ ಕಾಯಿಲೆ ಕಡಿಮೆ. ಹೊಸೂರು ರಸ್ತೆಯ ಮೇಲಿನ ಎತ್ತರದ ದಾರಿ 2010ರಲ್ಲಿ ತೆರೆಯುವವರೆಗೆ ಲಾರಿ ಚಕ್ರಗಳ ಎತ್ತರದಲ್ಲಿ ಕೂತು ಸಿಲ್ಕ್ ಬೋರ್ಡ್ ದಾಟುವುದು ಸುಖದ ಕೆಲಸವಾಗಿರಲಿಲ್ಲ. ಪ್ರತಿ ಹಂಪಿಗೂ ಓರೆಯಾಗಿ ಹತ್ತಿ ಇಳಿಯಬೇಕಿತ್ತು. ಮಳೆಗಾಲದಲ್ಲಿ ಮಾಡಿನ ಅಂಚಿನಿಂದ ಹನಿ ತೊಡೆಯ ಮೇಲೇ ಬೀಳುತ್ತಿತ್ತು. ಅವೆಲ್ಲ ಸಹಿಸಬಹುದಾದವು. ನಿಜವಾದ ಚಿಂತೆ ಪೆಟ್ರೋಲಿನದು.

2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದಿತ್ತು. ಸಾದಾ ಪೆಟ್ರೋಲಿನ ಆಕ್ಟೇನ್ 88, ಮೇಲ್ದರ್ಜೆಯದು 93. ಆಕ್ಟೇನ್ ಹೆಚ್ಚಾದರೆ ಶಕ್ತಿ ಹೆಚ್ಚು ಎಂದು ನಂಬಿದವರು ಆಗ ಬಹಳ, ಈಗಲೂ ಇದ್ದಾರೆ. ಆ ಸಂಖ್ಯೆ ಹೇಳುವುದು ಬೇರೆ. ಸಿಲಿಂಡರಿನೊಳಗೆ ಒತ್ತಿಟ್ಟ ಗಾಳಿ-ಪೆಟ್ರೋಲಿನ ಮಿಶ್ರಣ ಕಿಡಿಯಿಂದ ಹೊತ್ತಿ ಕ್ರಮವಾಗಿ ಉರಿಯಬೇಕು. ಅಷ್ಟರೊಳಗೆ ಅದರ ಒಂದು ಪಾಲು ಒತ್ತಡಕ್ಕೂ ಶಾಖಕ್ಕೂ ತಾನಾಗಿ ಸಿಡಿದರೆ ಅದೇ ನಾಕಿಂಗ್. ಹಾಗೆ ಸಿಡಿಯದೆ ತಡೆದುಕೊಳ್ಳುವ ತಾಕತ್ತೇ ಆಕ್ಟೇನ್. ಎಂಜಿನ್ ಕೇಳಿದ್ದಕ್ಕಿಂತ ಕಡಿಮೆಯದನ್ನು ಹಾಕಿದರೆ ಪಿಸ್ಟನ್ನಿಗೆ ಪೆಟ್ಟು, ಹೆಚ್ಚಿನದು ಹಾಕಿದರೆ ಜೇಬಿಗೆ.

ಬೆಂಗಳೂರಿನಲ್ಲಿ ಸಾದಾ ಪೆಟ್ರೋಲಿನಲ್ಲೇ ಸ್ಟಾರ್ಮ್ ಮೆತ್ತಗೆ ಓಡುತ್ತಿತ್ತು. ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಗಾಳಿ ತೆಳು, ಹಾಗಾಗಿ ಟರ್ಬೋ ಇಲ್ಲದ ಎಂಜಿನ್ನಿನೊಳಗೆ ಒತ್ತಡವೂ ಕಡಿಮೆ. ಇದು ನನಗೆ ಅರ್ಥವಾದದ್ದು ಮಂಗಳೂರಿನಿಂದ ವಾಪಸು ಬರುವಾಗ. ಏಪ್ರಿಲ್ ಬಿಸಿಲು, ಗುಂಡ್ಯ ದಾಟಿ ಶಿರಾಡಿ ಘಾಟಿಯ ಏರು, ಮುಂದೆ ಅದಿರಿನ ಲಾರಿ. ಮೂರನೇ ಗೇರಿನಲ್ಲಿ ಕಾಲು ಒತ್ತಿದೊಡನೆ ಎಂಜಿನ್ನಿನಿಂದ ಕಟಕಟ ಸದ್ದು. ಎರಡಕ್ಕೆ ಇಳಿಸಿದರೆ ನಿಂತಿತು, ಮತ್ತೆ ಮೂರಕ್ಕೆ ಹಾಕಿದರೆ ಮತ್ತೆ ಬಂತು. ಸಕಲೇಶಪುರ ತಲುಪಿದ ಮೇಲೆ ಅದೇ ಟ್ಯಾಂಕಿನ ಪೆಟ್ರೋಲಿನಲ್ಲಿ ಸದ್ದೇ ಇಲ್ಲ. ಆಮೇಲೆ ಘಟ್ಟ ಇಳಿಯುವ ಪಯಣಕ್ಕೆ 93 ಹುಡುಕಿ ತುಂಬಿಸುವುದು ರೂಢಿಯಾಯಿತು. ನಗರದೊಳಗೆ ಸಾದಾ ಸಾಕು.

ಸಾದಾ ಸಾಕು, ಅದು ಪೆಟ್ರೋಲೇ ಆಗಿದ್ದರೆ. ಪಡಿತರದ ಅಗ್ಗದ ಸೀಮೆಎಣ್ಣೆ ಬಂಕುಗಳ ಟ್ಯಾಂಕು ಸೇರುತ್ತಿದ್ದ ಕಾಲ ಅದು. ಸೀಮೆಎಣ್ಣೆಯ ಆಕ್ಟೇನ್ ಪೆಟ್ರೋಲಿನ ಹತ್ತಿರಕ್ಕೂ ಬರುವುದಿಲ್ಲ. "ಸಾರ್, ಬಂಕ್ ಬದಲಾಯಿಸಬೇಡಿ, ನಂಬಿಕೆ ಇರೋ ಕಡೆನೇ ಹಾಕ್ಸಿ" ಎನ್ನುತ್ತಿದ್ದ ನಮ್ಮ ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ಗಿನ ಮಸಿ ನೋಡಿಯೇ ಪೆಟ್ರೋಲಿನ ಗುಣ ಹೇಳುತ್ತಿದ್ದರು. ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳುವ ಹಕ್ಕು ಗ್ರಾಹಕನಿಗಿದೆ. ಒಂದು ಹನಿ ಬಿಟ್ಟರೆ ಶುದ್ಧ ಪೆಟ್ರೋಲು ಕಲೆ ಉಳಿಸದೆ ಆರಿಹೋಗಬೇಕು. ಕೇಳಿದಾಗ ಮುಖ ಗಂಟಿಕ್ಕಿದ ಬಂಕುಗಳಿಗೆ ನಾನು ಮತ್ತೆ ಹೋಗಲಿಲ್ಲ. ಈ ದಂಧೆ ಎಷ್ಟು ಕ್ರೂರವೆಂದು ದೇಶಕ್ಕೆ ಗೊತ್ತಾದದ್ದು 2005ರ ನವೆಂಬರಿನಲ್ಲಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದ ಎಸ್. ಮಂಜುನಾಥ್ ಅವರನ್ನು ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಗುಂಡಿಟ್ಟು ಕೊಂದರು. ಕಲಬೆರಕೆ ಮಾರುತ್ತಿದ್ದ ಬಂಕಿಗೆ ಬೀಗ ಹಾಕಿಸಿದ್ದು ಅವರು ಮಾಡಿದ ಕೆಲಸ. ಆ ಸುದ್ದಿ ಓದಿದ ಮೇಲೆ ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ.

ಈಗ ಸೀಮೆಎಣ್ಣೆಯ ಭಯ ಬಹುತೇಕ ಹೋಗಿದೆ, ಆಕ್ಟೇನಿನ ಚಿಂತೆಯೂ ಇಲ್ಲ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಆಕ್ಟೇನ್ ಮಟ್ಟ 95. ಅಂದು ಹೆಚ್ಚು ಹಣ ಕೊಟ್ಟು ಹಾಕಿಸುತ್ತಿದ್ದ 93ಕ್ಕಿಂತ ಮೇಲು. ಪ್ರಧಾನಿ ಇದನ್ನು ಬಿಡುಗಡೆ ಮಾಡಿದ್ದೂ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಎರಡು ವರ್ಷ ಕಳೆಯುವಷ್ಟರಲ್ಲಿ ಎಲ್ಲ ಕಡೆ ಅದೇ ಆಯಿತು. ಶಿರಾಡಿಯಲ್ಲಿ ನನ್ನ ಕಾರು ಈಗ ಕಟಕಟ ಅನ್ನುವುದಿಲ್ಲ.

ತೊಂದರೆ ಬೇರೆ ಕಡೆಯಿಂದ ಬಂದಿದೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದರ ಮೂರರಲ್ಲಿ ಎರಡು ಪಾಲು ಮಾತ್ರ. ನೀತಿ ಆಯೋಗದ 2021ರ ವರದಿಯೇ ಇ20ಕ್ಕೆಂದು ಕಟ್ಟದ ಕಾರುಗಳ ಮೈಲೇಜು ಶೇ 6-7ರಷ್ಟು ಇಳಿಯಬಹುದೆಂದಿತ್ತು. ಮೈಲೇಜು ಹೋದರೆ ಹೋಗಲಿ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವ ಹೀರಿ ನೀರು ಕೂಡಿಸಿಕೊಳ್ಳುತ್ತದೆ. ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರಿಗೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತು, ಅದು ಅಗ್ಗದ ಕೆಲಸವೆಂದೂ ಸೇರಿಸಿತು. ಮಾರುತಿಗೆ ಅಗ್ಗವೇ. ಕೆಲವೇ ನೂರು ಜನರ ಬಳಿ ಉಳಿದಿರಬಹುದಾದ ಕಾರಿಗೆ ಜೆ.ಸಿ. ರೋಡಿನ ಅಂಗಡಿಗಳಲ್ಲಿ ಅಳತೆ ಹೊಂದುವ ಪೈಪು ಹುಡುಕಬೇಕು, ಸಿಕ್ಕಿದ್ದು ಎಥನಾಲ್ ತಡೆಯುವಂಥದ್ದೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಇಂಧನದ ಪೈಪುಗಳನ್ನೆಲ್ಲ ಹಾಗೆ ಬದಲಿಸಿ ಆಯಿತು. ಇಂಜೆಕ್ಟರ್ ಸೀಲುಗಳು ಬಾಕಿ.

ಕಬ್ಬು ಬೆಳೆಗಾರನಿಗೆ ಎಥನಾಲಿನಿಂದ ಒಂದಿಷ್ಟು ಹೆಚ್ಚು ಸಿಗುವುದಾದರೆ ನನಗೆ ಸಂತೋಷವೇ. ನನ್ನ ತಕರಾರು ಬೆರಕೆಗಲ್ಲ, ಆಯ್ಕೆ ಕಿತ್ತುಕೊಂಡದ್ದಕ್ಕೆ. ಬ್ರಿಟನ್ನಿನಲ್ಲಿ 2021ರಲ್ಲಿ ಸಾದಾ ಪೆಟ್ರೋಲಿಗೆ ಶೇ 10 ಎಥನಾಲ್ ಬಂದಾಗ, ಹಳೆಯ ವಾಹನಗಳಿಗಾಗಿ ಶೇ 5ರ ದರ್ಜೆಯನ್ನು ದುಬಾರಿ ನಳಿಕೆಯಲ್ಲಾದರೂ ಉಳಿಸಿಕೊಟ್ಟರು. ಇಲ್ಲೂ ಜಿಲ್ಲೆಗೆ ನಾಲ್ಕು ಬಂಕುಗಳಲ್ಲಾದರೂ ಕಡಿಮೆ ಎಥನಾಲಿನ ಪೆಟ್ರೋಲು ಸಿಗಬೇಕು, ಪ್ರತಿ ನಳಿಕೆಯ ಮೇಲೂ ಎಥನಾಲಿನ ಪ್ರಮಾಣವನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿರಬೇಕು. ಹೆಚ್ಚಿನ ದರ ಕೊಡಲು ನಾನು ತಯಾರಿದ್ದೇನೆ, ಅಂದು 93ಕ್ಕೆ ಕೊಟ್ಟ ಹಾಗೆ.