ಗೋತ್ರ ಬೇರೆ, ಲೆಕ್ಕ ಒಂದೇ

ಹೆದರ್ಬೇಡಿ, ಹೈಸ್ಕೂಲಿನ ‘ಎ ಪ್ಲಸ್ ಬಿ ಹೋಲ್ ಸ್ಕ್ವೇರ್’ ನೆನಪಿದ್ರೆ ಈ ಬರಹ ಅರ್ಥವಾಗುತ್ತೆ :)

ಶಿಕಾರಿಪುರದ ಹುಚ್ಚರಾಯಸ್ವಾಮಿ ಜಾತ್ರೆಯಲ್ಲಿ 100 ಜನರನ್ನ ಸಾಲಾಗಿ ನಿಲ್ಲಿಸಿದ್ವಿ ಅಂದ್ಕೊಳ್ಳಿ. ಒಂದೊಂದು ಜೀನೂ ಪ್ರತಿಯೊಬ್ಬರಲ್ಲಿ ಎರಡು ಪ್ರತಿ ಇರುತ್ತೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಆ ಜೀನಿನ ಬೇರೆಬೇರೆ ರೂಪಗಳಿಗೆ ಅಲೀಲ್ ಅಂತಾರೆ. ಇಲ್ಲಿ ಎರಡೇ ರೂಪ ಇಟ್ಕೊಳ್ಳೋಣ, ಸರಿ ಇರೋದು ಮತ್ತು ಕೆಟ್ಟಿರೋದು. ಎರಡೂ ಪ್ರತಿ ಸರಿ ಇರೋರು 64 ಜನ, ಒಂದು ಕೆಟ್ಟಿರೋರು 32, ಎರಡೂ ಕೆಟ್ಟಿರೋರು 4. ಒಟ್ಟು 200 ಪ್ರತಿಯಲ್ಲಿ ಕೆಟ್ಟವು 40, ಅಂದ್ರೆ 0.2. ಇದು ಅಲೀಲ್ ಫ್ರೀಕ್ವೆನ್ಸಿ. ಈಗ 0.2ರ ವರ್ಗ ಮಾಡಿ, 0.04. ಅದೇ ಆ 4 ಜನ!

ಇದನ್ನ 1908ರಲ್ಲಿ ಬರೆದಿದ್ದು ನಮ್ಮ ರಾಮಾನುಜನ್‌ರನ್ನ ಕೇಂಬ್ರಿಡ್ಜಿಗೆ ಕರೆಸಿಕೊಂಡ ಅದೇ ಹಾರ್ಡಿ. ಅದೇ ವರ್ಷ ಜರ್ಮನಿಯ ಡಾಕ್ಟರ್ ವೈನ್‌ಬರ್ಗ್ ಕೂಡ ಬೇರೆಯಾಗಿ ಕಂಡುಕೊಂಡಿದ್ರು. ಆದ್ರೆ ಒಂದು ಷರತ್ತು ಇದೆ. ಮದುವೆಗಳು ಸಂಬಂಧ ನೋಡದೆ ಆಗಿರಬೇಕು.

ನಮ್ಮ ಕಡೆ ಎಲ್ಲಿ ಆಗುತ್ತೆ ಮಾರಾಯ್ರೆ? 1980ರ ದಶಕದಲ್ಲಿ ಬೆಂಗಳೂರು, ಮೈಸೂರಲ್ಲಿ ಹುಟ್ಟಿದ ಮಕ್ಕಳ ಅಪ್ಪ ಅಮ್ಮಂದಿರನ್ನ ಕೇಳಿ ನೋಡಿದಾಗ ಹೆಚ್ಚುಕಮ್ಮಿ ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲೇ ಆಗಿತ್ತು. ಪೇಟೆಯ ಕಥೆಯೇ ಇದು.

ನೂರಕ್ಕೆ ಒಂದು ಪ್ರತಿ ಕೆಟ್ಟಿರೋ ಜೀನ್ ತಗೊಳ್ಳಿ. ಸಂಬಂಧವಿಲ್ಲದ ಮದುವೆಗಳಲ್ಲಿ 10,000 ಮಕ್ಕಳಿಗೆ ಒಂದಕ್ಕೆ ಎರಡೂ ಕೆಟ್ಟವು ಸಿಗುತ್ತೆ. ಅತ್ತೆ ಮಗಳು, ಮಾವನ ಮಗನ ಮದುವೆಯಲ್ಲಿ ಅದು ಸುಮಾರು 7. ಸೋದರಮಾವ, ಅಕ್ಕನ ಮಗಳು ಆದ್ರೆ 13. ಊರಲ್ಲಿ ಕೆಟ್ಟ ಪ್ರತಿಗಳ ಸಂಖ್ಯೆ ಹೆಚ್ಚಾಗಿಲ್ಲ, ಅವು ಜೋಡಿಯಾಗೋದು ಹೆಚ್ಚಾಗಿದೆ ಅಷ್ಟೆ.

ಈ ಲೆಕ್ಕ ಈಗ ಯಾಕಪ್ಪಾ ಅಂದ್ರೆ, ಸೊರಬದಲ್ಲಿರೋ ದೊಡ್ಡಮ್ಮನ ಮಗಳನ್ನ ಶಿಕಾರಿಪುರದ ಕೊನೇ ಮಾವನಿಗೆ ತಂದುಕೊಳ್ಳೋ ಮಾತು ನಡೀತಿದೆ. ‘ಗೋತ್ರ ಬೇರೆ ಅಲ್ವೇನೋ’ ಅಂತಾರೆ ಅಜ್ಜಿ. ಗೋತ್ರ ಅಪ್ಪನ ಕಡೆಯಿಂದ ಮಾತ್ರ ಬರುತ್ತೆ ಅಜ್ಜೀ, ಜೀನ್ ಎರಡೂ ಕಡೆಯಿಂದ ಬರುತ್ತೆ. ‘ಮೂರು ತಲೆಮಾರಿಂದ ಕೊಟ್ಟು ತಂದಿದೀವಿ, ಏನಾಗಿದೆ?’ ಅಂತಾನೂ ಅಂತಾರೆ. ಅದು ಸುಳ್ಳೇನಲ್ಲ, 10,000ದಲ್ಲಿ 9,987 ಮಕ್ಕಳಿಗೆ ಆ ಒಂದು ಜೀನಿನಿಂದ ಏನೂ ಆಗಲ್ಲ.

ಮನೆಯಲ್ಲಿ ಇನ್ನೊಬ್ಬರು ಹಂದಿಗೋಡು ಕಾಯಿಲೆ ಎತ್ತಿದ್ರು. ಪಕ್ಕದ ಸಾಗರ ತಾಲೂಕಿನ ಆ ಊರಿನ ಹೆಸರಲ್ಲಿ 1970ರ ದಶಕದಿಂದ ಗುರುತಿಸ್ತಿರೋ ಕೀಲುಮೂಳೆಯ ರೋಗ ಅದು. ‘ಒಳಗೊಳಗೇ ಮದುವೆಯಾದ್ರೆ ಹಂಗಾಗುತ್ತೆ’ ಅಂದ್ರು. ಅದರ ಲೆಕ್ಕವೇ ಬೇರೆ. ಮನೆತನಗಳನ್ನ ನೋಡಿದ ಸಂಶೋಧಕರು ಹೇಳೋದು, ಅದಕ್ಕೆ ಒಂದೇ ಕೆಟ್ಟ ಪ್ರತಿ ಸಾಕು ಅಂತ. ಇದ್ದವರ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ, ಮದುವೆ ಎಷ್ಟೇ ದೂರದಲ್ಲಾದ್ರೂ. ಪಾಪ, ಆ ಜನರ ನೋವಿಗೆ ಅವರ ಮದುವೆಗಳನ್ನೇ ದೂರೋದು ಅನ್ಯಾಯ.

ನಂಗೆ ಭಯ ಇರೋದು ಬೇರೆ ಕಡೆ. ಅಜ್ಜಿಯ ಎರಡನೇ ಮಗ, ಅಂದ್ರೆ ದೊಡ್ಡಮ್ಮನಿಗೂ ಈ ಮಾವನಿಗೂ ಅಣ್ಣನೋ ತಮ್ಮನೋ ಆಗಬೇಕಾದವರು, ಹುಟ್ಟುಕಿವುಡರು. ಅದು ಎರಡು ಕೆಟ್ಟ ಪ್ರತಿಯಿಂದ ಬಂದಿದ್ರೆ ಅಜ್ಜ ಅಜ್ಜಿ ಇಬ್ಬರಲ್ಲೂ ಒಂದೊಂದು ಇತ್ತು. ಆಗ ಕಿವಿ ಚೆನ್ನಾಗಿರೋ ಮಾವನಲ್ಲಿ ಒಂದು ಇರೋ ಸಾಧ್ಯತೆ ಮೂರರಲ್ಲಿ ಎರಡು. ದೊಡ್ಡಮ್ಮನಲ್ಲೂ ಅಷ್ಟೇ, ಅವರ ಮಗಳಲ್ಲಿ ಮೂರರಲ್ಲೊಂದು. ಇಬ್ಬರಲ್ಲೂ ಇದ್ರೆ ಮಗುವಿಗೆ ನಾಲ್ಕರಲ್ಲೊಂದು. ಗುಣಿಸಿದ್ರೆ 18ರಲ್ಲಿ ಒಂದು! ಊರಿನ ಲೆಕ್ಕಕ್ಕೂ ನಮ್ಮನೆ ಲೆಕ್ಕಕ್ಕೂ ಇಷ್ಟು ದೂರ.

ಬಸುರಿಯಲ್ಲಿದ್ದಾಗ ಅಜ್ಜಿಗೆ ಜ್ವರ ಬಂದಿತ್ತಂತೆ, ಕಾರಣ ಅದೂ ಇರಬಹುದು. ಅದಕ್ಕೇ ಮೊದಲು ಆ ಮಾವನ ರಕ್ತ ಪರೀಕ್ಷೆ ಮಾಡಿಸೋಣ, ಆಮೇಲೆ ಜಾತಕ ನೋಡಿ ಅಂದಿದೀನಿ. ಕಾಗದದಲ್ಲಿ ಬರೆದು ತೋರಿಸಿದ್ರೆ ಅವರೇ ನಕ್ಕು ತೋಳು ಮಡಚಿ ತೋರಿಸಿದ್ರು. ಬರೋ ಶನಿವಾರ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಿದೀನಿ.