ಗೆಸ್ಟ್ ಹೌಸ್ ಗ್ಲಾಸು, ಹಾಸ್ಟೆಲ್ ಬಾಟ್ಲಿ

ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಲ್ಲಿ ಮೂರು ದಿನದಿಂದ ಒಂದೇ ಚರ್ಚೆ. ಸಮ್ಮಿಲನದ ರಾತ್ರಿ ಕ್ಯಾಂಪಸ್ ಒಳಗೇ ಗುಂಡು ಇರಬೇಕಂತೆ. "ಫಾರಿನ್ ಯೂನಿವರ್ಸಿಟಿಗಳಲ್ಲಿ ಇದೆಲ್ಲ ಮಾಮೂಲು, ಒಂದು ದಿನದ ಸಿಎಲ್-5 ಲೈಸೆನ್ಸ್ ತಗೊಂಡ್ರೆ ಆಯ್ತು" ಅಂತ ಒಬ್ಬರು. "ಸರಸ್ವತಿ ಮಂದಿರದಲ್ಲಿ ಹೆಂಡವಾ?" ಅಂತ ಇನ್ನೊಬ್ಬರು. ಇಬ್ಬರಿಗೂ ಒಂದೆರಡು ಮಾತು ಹೇಳ್ಲೇಬೇಕು.

ಮೊದಲು ಫಾರಿನ್ ಮಾತು. ಅಮೆರಿಕದಲ್ಲಿ 1989ರ ಒಂದು ಕಾನೂನಿದೆ. ಕೇಂದ್ರ ಸರ್ಕಾರದ ಹಣ ಪಡೆಯುವ ಪ್ರತಿ ಕಾಲೇಜೂ ಮದ್ಯದ ನಿಯಮಗಳನ್ನು ಬರೆದು, ವರ್ಷಕ್ಕೊಮ್ಮೆ ಎಲ್ಲ ವಿದ್ಯಾರ್ಥಿಗಳಿಗೂ ನೌಕರರಿಗೂ ಕೊಡಬೇಕು. ತಪ್ಪಿದರೆ ಶಿಕ್ಷೆ ಏನು, ಚಟ ಬಿಡಿಸಲು ನೆರವು ಎಲ್ಲಿ ಸಿಗುತ್ತೆ, ಎಲ್ಲ ಅದರಲ್ಲಿರಬೇಕು. ಕಾರ್ಯಕ್ರಮದಲ್ಲಿ ಕೊಡೋದಾದ್ರೆ ಎಷ್ಟೋ ಕಡೆ ಮೊದಲೇ ಅನುಮತಿ ಬೇಕು. 21 ತುಂಬಿದೆಯಾ ಅಂತ ಗುರುತಿನ ಚೀಟಿ ನೋಡ್ತಾರೆ, ಜೊತೆಗೆ ಊಟ, ನೀರು ಇಡಲೇಬೇಕು. ಅಲ್ಲಿಂದ ತರೋದಾದ್ರೆ ಬರೀ ಬಾಟ್ಲಿ ತರಬೇಡಿ, ಆ ಕಾಗದವನ್ನೂ ತನ್ನಿ.

ನಮ್ಮಲ್ಲೂ ಕಾಗದ ಇದೆ. 1967ರ ಕರ್ನಾಟಕ ಅಬಕಾರಿ ಲೈಸೆನ್ಸ್ ನಿಯಮಗಳ ಪ್ರಕಾರ ಶಾಲೆ-ಕಾಲೇಜು, ಗುಡಿ, ಆಸ್ಪತ್ರೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದು. ಅದೇ ನಿಯಮದಲ್ಲಿ ಪರಿಶಿಷ್ಟ ಜಾತಿ, ಪಂಗಡದವರೇ ಹೆಚ್ಚಾಗಿರುವ ವಸತಿ ಪ್ರದೇಶದಲ್ಲೂ ಕೂಡದು ಅಂತಿದೆ. ಆದ್ರೆ ಕೇರಿಗೆ ಬಂದು ನೋಡಿ, ಪೆಟ್ಟಿಗೆ ಅಂಗಡಿಯಲ್ಲಿ 90 ಎಂ.ಎಲ್. ಪ್ಯಾಕೆಟ್ ಬೆಳಿಗ್ಗೆ ಆರಕ್ಕೇ ಸಿಗುತ್ತೆ. ನಿಯಮ ಇರೋದು ಒಂದು, ಅದು ಯಾರ ಮೇಲೆ ಬೀಳುತ್ತೆ ಅನ್ನೋದು ಇನ್ನೊಂದು.

ನಾನು ಓದಿದ ಕಡೆ ಇದನ್ನ ಕಣ್ಣಾರೆ ಕಂಡಿದ್ದೀನಿ. ವಿಚಾರ ಸಂಕಿರಣ ಬಂತು ಅಂದ್ರೆ ಗೆಸ್ಟ್ ಹೌಸಲ್ಲಿ ರಾತ್ರಿಯೆಲ್ಲ ದೊಡ್ಡವರ ಗೋಷ್ಠಿ. ಬೆಳಿಗ್ಗೆ ಆ ಬಾಟ್ಲಿಗಳನ್ನ ಗೋಣಿಚೀಲಕ್ಕೆ ತುಂಬ್ತಿದ್ದವರು ನಮ್ಮವರೇ, ಗುತ್ತಿಗೆ ಕಸಗುಡಿಸೋ ಅಕ್ಕಂದಿರು. ಯಾರಿಗೂ ನೋಟಿಸ್ ಹೋಗಲಿಲ್ಲ. ಅದೇ ವರ್ಷ ನಮ್ಮ ಎಸ್ಸಿ-ಎಸ್ಟಿ ಹಾಸ್ಟೆಲ್ ಹಿಂದೆ ಎರಡು ಬಿಯರ್ ಬಾಟ್ಲಿ ಸಿಕ್ತು ಅಂತ ಮೂವರು ಹುಡುಗರನ್ನ ರಾತ್ರೋರಾತ್ರಿ ಆಚೆ ಹಾಕಿದ್ರು. ವಿಚಾರಣೆ ಇಲ್ಲ, ಲಿಖಿತ ಆದೇಶ ಇಲ್ಲ. "ನಿಮ್ಮವರ ಬುದ್ಧಿ ಎಲ್ಲಿಗೆ ಹೋಗುತ್ತೆ" ಅನ್ನೋ ಮಾತೊಂದೇ ಆದೇಶ. ಅವರಲ್ಲಿ ಒಬ್ಬ ಎಂ.ಎ. ಮುಗಿಸಲೇ ಇಲ್ಲ, ಈಗ ಗಾರೆ ಕೆಲಸಕ್ಕೆ ಹೋಗ್ತಾನೆ. ರೂಮು ಬಾಡಿಗೆ ಕಟ್ಟೋ ಶಕ್ತಿ ಇಲ್ಲದವನಿಗೆ ಹಾಸ್ಟೆಲಿಂದ ಆಚೆ ಅಂದ್ರೆ ಓದಿನಿಂದಲೇ ಆಚೆ.

ಸರಸ್ವತಿ ಮಂದಿರ ಅನ್ನೋರು ಆಗ ಎಲ್ಲಿದ್ರಿ? ಗೆಸ್ಟ್ ಹೌಸ್ ಮಂದಿರದ ಹೊರಗಿತ್ತಾ? ನಿಮ್ಮ ತಕರಾರು ಕುಡಿತದ ಹಾನಿ ಬಗ್ಗೆಯಾ, ಮೈಲಿಗೆ ಬಗ್ಗೆಯಾ?

ಹಾಗಂತ ನಾನು ಕುಡಿತದ ಪರ ಅಲ್ಲ. ಅಪ್ಪನ ಕೂಲಿ ಎಲ್ಲಿಗೆ ಹೋಗ್ತಿತ್ತು ಅಂತ ನೋಡಿ ಬೆಳೆದವನು. "ಹೆಂಡ ಬೇಡ, ವಸತಿ ಶಾಲೆ ಬೇಕು" ಅಂತ ಬೀದಿಗಿಳಿದದ್ದು ನಮ್ಮ ದಲಿತ ಸಂಘರ್ಷ ಸಮಿತಿ. 1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟುವುದಿಲ್ಲ ಅನ್ನೋದೂ ಒಂದು. ಆದ್ರೆ ಅದು ಜನ ತಲೆಯೆತ್ತಿ ನಿಂತು ತಾವೇ ತಗೊಂಡ ಪ್ರತಿಜ್ಞೆ. ಹೆದರಿಸಿ ಹೇರಿದ್ದಲ್ಲ.

ಗ್ರೂಪಲ್ಲಿ ನಾನು ಕೇಳಿರೋದು ಇಷ್ಟೇ. ಕ್ಯಾಂಪಸ್ಸಲ್ಲಿ ಕುಡಿಯಬಾರದು ಅಂದ್ರೆ ಕುಲಪತಿಗಳ ಅತಿಥಿಗೂ ಬೇಡ. ಅನುಮತಿ ಕೊಡೋದಾದ್ರೆ ನಿಯಮ ಬರೆದು, ಕನ್ನಡದಲ್ಲಿ, ಎಲ್ಲ ಹಾಸ್ಟೆಲ್ ಗೋಡೆಗೂ ಗೆಸ್ಟ್ ಹೌಸ್ ಗೋಡೆಗೂ ಅಂಟಿಸಿ. ಮೊದಲ ಸಲ ಸಿಕ್ಕಿಬಿದ್ದ ಹುಡುಗನಿಗೆ ಬುದ್ಧಿಮಾತು, ಆಪ್ತ ಸಮಾಲೋಚನೆ ಇರಲಿ. ಅವನ ಮಾತು ಕೇಳದೆ ಯಾರನ್ನೂ ಆಚೆ ಹಾಕಬೇಡಿ. ಬಾಟ್ಲಿ ಬಾಚೋ ಅಕ್ಕಂದಿರಿಗೆ ಆ ರಾತ್ರಿಯ ಹೆಚ್ಚುವರಿ ಕೂಲಿ ಕೊಡಿ.

ನಿನ್ನೆ ಸಂಜೆ ಇದನ್ನ ಹಾಕ್ದೆ. ನೀಲಿ ಟಿಕ್ ಎಲ್ಲ ಬಂದಿದೆ, ಉತ್ತರ ಬಂದಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಜೈ ಭೀಮ್.